ಗೆಜ್ಜೆವಸ್ತ್ರ: ಮನೇಲೇ ಮಾಡೋದು ಹೇಗೆ?

ತಾವರೆಕೆರೆ (ಶಿರಾ ತಾ.): ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಭಾದ್ರಪದದಲ್ಲಿ ಗೌರಿ-ಗಣೇಶ. ಎರಡಕ್ಕೂ ಗೆಜ್ಜೆವಸ್ತ್ರ ಬೇಕೇ ಬೇಕು.

ಬೀಜ ತೆಗೆದ ಹತ್ತಿ ಹಿಂಜಿ, ಬೆರಳಿಗೆ ಒಂಚೂರು ಹಾಲೋ ನೀರೋ ಮುಟ್ಟಿಸಿಕೊಂಡು ಉದ್ದಕ್ಕೆ ಎಳೆಯಬೇಕು. ನಡುನಡುವೆ ಹೊಸೆದರೆ ಗೆಜ್ಜೆ ಸಾಲಿನಂಗೆ ಉಬ್ಬು ನಿಲ್ಲುತ್ತೆ. ಹೊಸೆದ ಕಡೆ ಕುಂಕುಮ ಹಚ್ಚಿದರೆ ಮುಗೀತು.

ಈಗ ಮಿಂಚೋ ಮಾಲೆಗಳೂ ಬಂದಿವೆ. ಜರಿ ದಾರ, ಚಮಕಿ, ಮುತ್ತಿನ ಮಣಿ, ಕುಂದನ್ ಕಲ್ಲು ಅಂಟಿಸ್ತಾರೆ. ಕಲ್ಲು ಜಾಸ್ತಿಯಾದರೆ ಭಾರಕ್ಕೆ ಹತ್ತಿ ಹರಿಯುತ್ತೆ, ಒಳಗೆ ಗಟ್ಟಿ ನೂಲು ಕೊಡಬೇಕು. ಅಂಟು ಪೂರ್ತಿ ಒಣಗದೆ ಕವರಿಗೆ ತುಂಬಬಾರದು.

ಹತ್ತಿ ಬೇಗ ಹೊತ್ತಿಕೊಳ್ಳುತ್ತೆ. ಕಲಶದ ಮಾಲೆಗೆ ದೀಪ, ಊದುಬತ್ತಿ ತಾಗದಂತೆ ನೋಡಿಕೊಳ್ಳಬೇಕು. ಮಂಗಳಾರತಿ ಎತ್ತುವಾಗಲಂತೂ ಜೋಪಾನ.

ಅಂಗಡಿಗೆ ಕೊಡೋರು ಹತ್ತಿ, ಮಣಿ ಖರ್ಚಷ್ಟೇ ಅಲ್ಲ, ಕೂತು ಮಾಡಿದ ಕೂಲಿಯನ್ನೂ ಸೇರಿಸಿ ರೇಟು ಹೇಳಲಿ. ಉಳಿದ ಮಾಲು ಯಾರ ಪಾಲು ಅನ್ನೋದನ್ನ ಅಂಗಡಿಯವರೂ ಹಬ್ಬಕ್ಕೆ ಮೊದಲೇ ಮಾತಾಡಿಕೊಳ್ಳಬೇಕು.