ಆಪಿಯಾದಲ್ಲಿ ಯಾರೂ ಮೊದಲು ಲಂಗರು ಎತ್ತಲಿಲ್ಲ

ಹಾಯಿದೋಣೀಲಿ ದ್ವೀಪದಿಂದ ದ್ವೀಪಕ್ಕೆ ಸುತ್ತೋರ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ನೀಲಿ ನೀರು, ತೆಂಗಿನ ಸಾಲು, ನಡುವೆ ಅಲುಗಾಡದೆ ನಿಂತ ದೋಣಿ. ಈಗೀಗ ಅಂಥದ್ದನ್ನ ನೋಡಿದ್ರೆ ನನಗೆ ಬರೋದು ಒಂದೇ ಪ್ರಶ್ನೆ: ಈ ಕೊಲ್ಲಿಯ ಬಾಯಿ ಯಾವ ದಿಕ್ಕಿಗಿದೆ? 1889ರ ಮಾರ್ಚ್ ತಿಂಗಳ ಆಪಿಯಾದ ಕಥೆ ಓದಿದ ಮೇಲೆ ಅಂಟಿಕೊಂಡ ಅಭ್ಯಾಸ ಇದು.

ಆಪಿಯಾ ಇರೋದು ಪೆಸಿಫಿಕ್ ಸಾಗರದ ಸಮೋವಾದಲ್ಲಿ, ಉಪೋಲು ದ್ವೀಪದ ಉತ್ತರ ದಡದಲ್ಲಿ. ಅಲ್ಲಿ ವರ್ಷದ ಬಹುಪಾಲು ಗಾಳಿ ಬೀಸೋದು ಆಗ್ನೇಯದಿಂದ. ಆ ಗಾಳಿಗೆ ಇಡೀ ದ್ವೀಪವೇ ಅಡ್ಡಗೋಡೆ. ಎರಡೂ ಕಡೆ ಹವಳದ ದಿಬ್ಬ, ಮಧ್ಯೆ ಹಡಗು ನಿಲ್ಲೋಕೆ ಜಾಗ. ಆದ್ರೆ ಬಂದರಿನ ಬಾಯಿ ತೆರೆದಿರೋದು ಉತ್ತರಕ್ಕೆ. ಗಾಳಿ ಉತ್ತರಕ್ಕೆ ತಿರುಗಿತೋ, ಕಾಯುತ್ತಿದ್ದ ದಡಕ್ಕೇ ಹೋಗಿ ಬಡೀಬೇಕು.

ಆ ಮಾರ್ಚ್‌ನಲ್ಲಿ ಅಲ್ಲಿ 7 ಯುದ್ಧನೌಕೆಗಳಿದ್ದವು. ಅಮೆರಿಕದ್ದು ಮೂರು: ಟ್ರೆಂಟನ್, ವಂಡಾಲಿಯಾ, ನಿಪ್ಸಿಕ್. ಜರ್ಮನಿಯದ್ದು ಮೂರು: ಓಲ್ಗಾ, ಆಡ್ಲರ್, ಎಬರ್. ಬ್ರಿಟನ್ನಿನದು ಕ್ಯಾಲಿಯೋಪಿ ಒಂದೇ. ಹಾಯಿಯ ಜೊತೆಗೆ ಉಗಿಯಂತ್ರವೂ ಇದ್ದ ಹಡಗುಗಳು. ಸಮೋವಾ ಯಾರ ಹಿಡಿತಕ್ಕೆ ಸಿಗಬೇಕು ಅಂತ ಮೂರೂ ದೇಶಗಳ ಜಗಳ. ಬ್ಯಾರೋಮೀಟರ್ ಇಳೀತಾ ಇತ್ತು, ಅದು ಎಲ್ಲರಿಗೂ ಕಾಣ್ತಿತ್ತು. ಬಯಲು ಸಮುದ್ರಕ್ಕೆ ಹೋಗೋಕೆ ಆಗ ಇನ್ನೂ ಸಮಯ ಇತ್ತು. ಆದ್ರೆ ಎದುರಾಳಿ ಇನ್ನೂ ಇಲ್ಲೇ ಇರುವಾಗ ಮೊದಲು ಹೊರಡೋದು ಯಾರು? ಟುಟುಯಿಲಾ ದ್ವೀಪದ ಪಾಗೋ ಪಾಗೋ, ಸುತ್ತ ಬೆಟ್ಟ ಇರೋ ಆಳವಾದ ಬಂದರು. ಅದನ್ನ ಬಳಸೋ ಹಕ್ಕನ್ನ ಅಮೆರಿಕ 1878ರ ಒಪ್ಪಂದದಲ್ಲೇ ಪಡೆದಿತ್ತು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಚುಚ್ಚೋದು ಈ ವಿವರ.

ಮಾರ್ಚ್ 15ರ ರಾತ್ರಿ ಚಂಡಮಾರುತ ನೇರ ಬಂದರಿನ ಬಾಯಿಗೇ ನುಗ್ಗಿತು. ಲಂಗರಿನ ಸರಪಳಿ ಹರೀಬಾರದು ಅಂತ ಯಂತ್ರಗಳನ್ನ ಗಾಳಿಗೆ ಎದುರಾಗಿ ಓಡಿಸ್ತಾನೇ ಇದ್ರು. ಆದ್ರೂ ಲಂಗರುಗಳು ತಳದಲ್ಲಿ ಜಾರಿದವು, ಇಕ್ಕಟ್ಟಿನಲ್ಲಿ ಹಡಗಿಗೆ ಹಡಗು ಬಡಿಯಿತು. ಎಬರ್ ಹವಳಕ್ಕೆ ಅಪ್ಪಳಿಸಿ ಮುಳುಗಿತು. ಅದರಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ಆಡ್ಲರನ್ನು ಅಲೆಗಳು ಎತ್ತಿ ದಿಬ್ಬದ ಮೇಲೇ ಒಗೆದವು.

16ರ ಬೆಳಿಗ್ಗೆ ಕ್ಯಾಲಿಯೋಪಿಯ ಕ್ಯಾಪ್ಟನ್ ಹೆನ್ರಿ ಕೇನ್ ಸರಪಳಿ ಬಿಟ್ಟು, ಯಂತ್ರಕ್ಕೆ ಪೂರ್ತಿ ಉಗಿ ಕೊಟ್ಟು, ಬಿರುಗಾಳಿಗೇ ಮುಖ ಮಾಡಿ ಹೊರಟ. ಹಡಗು ತೆವಳಿತು ಅನ್ನಬೇಕು. ಮಗು ನಡೆಯೋ ವೇಗವೂ ಇರಲಿಲ್ಲ. ದಾರೀಲಿದ್ದ ಟ್ರೆಂಟನ್‌ನೊಳಗೆ ನೀರು ನುಗ್ಗಿ ಬಾಯ್ಲರ್ ಬೆಂಕಿಯೇ ಆರಿಹೋಗಿತ್ತು. ತಮ್ಮ ಕಥೆ ಮುಗೀತು ಅಂತ ಗೊತ್ತಿದ್ದೂ ಅದರ ನಾವಿಕರು ಪಕ್ಕದಲ್ಲಿ ಹಾದುಹೋದ ಕ್ಯಾಲಿಯೋಪಿಗೆ ಜೈಕಾರ ಹಾಕಿದ್ರು. ಆ ಒಂದು ಹಡಗು ಮಾತ್ರ ಹೊರಗೆ ಹೋಗಿ ಉಳಿಯಿತು. ಉಳಿದ ಆರೂ ಮುಳುಗಿದವು, ಒಡೆದವು, ಇಲ್ಲವೇ ದಡಕ್ಕೆ ಬಿದ್ದವು. ಓಲ್ಗಾ ಮತ್ತು ನಿಪ್ಸಿಕ್ಕನ್ನ ಆಮೇಲೆ ಮತ್ತೆ ತೇಲಿಸಿದ್ರು.

ಸಮೋವಾದ ಜನ ಮೂರು ತಿಂಗಳ ಹಿಂದಷ್ಟೇ ಜರ್ಮನ್ ನಾವಿಕರ ಜೊತೆ ಗುಂಡಿನ ಕಾಳಗ ಮಾಡಿದ್ದೋರು. ಅವತ್ತು ಕೈ ಕೈ ಹಿಡಿದು ಸರಪಳಿಯಾಗಿ ಅಲೆಗಿಳಿದು, ಅಮೆರಿಕನ್ನರು, ಜರ್ಮನ್ನರು ಅಂತ ನೋಡದೆ ಎಳೆದು ದಡ ಸೇರಿಸಿದ್ರು.

ಈಗ ಆ ಕಡೆ ಸುತ್ತೋ ಹಾಯಿದೋಣಿಗಳು ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಚಂಡಮಾರುತದ ಕಾಲ ಹತ್ತಿರ ಬಂದಾಗ ಬಹುಪಾಲು ನ್ಯೂಜಿಲೆಂಡ್ ಕಡೆ ಹೊರಟುಬಿಡ್ತವೆ. ಆಪಿಯಾಕ್ಕೆ ಬರೋ ನಾವಿಕರಿಗೆ ಆಡ್ಲರ್‌ನ ತುಕ್ಕು ಹಿಡಿದ ಒಡಲು ದಿಬ್ಬದ ಮೇಲೆ ಮಗುಚಿ ಬಿದ್ದಿದ್ದು ಎಷ್ಟೋ ದಶಕ ಕಾಣ್ತಾನೇ ಇತ್ತು.