ಅಪ್ಪಾ ಎಂದು ಕರೆದವನು ಹೆಸರು ಹೇಳಲಿಲ್ಲ

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದರೆ ಮೊದಲು ಶಹಾಪುರ, ಅಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ, ಆಮೇಲೆ ಸುರಪುರ. ನಾನು ಶಹಾಪುರದವನು. ಏಳನೇ ಇಯತ್ತೆಯಲ್ಲಿ ನಮ್ಮನ್ನು ಸುರಪುರಕ್ಕೆ ಕರೆದೊಯ್ದಾಗ ಮಾಸ್ತರರು ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸಿ, ಇದನ್ನು ಕಟ್ಟಿಸಿದವನು ಒಬ್ಬ ಇಂಗ್ಲಿಷ್ ಸಾಹೇಬ ಎಂದರು. ಆಮೇಲೆ ಅರಮನೆಯ ಕಡೆ ಕೈ ಮಾಡಿ, ನಮ್ಮ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ದಂಗೆಯೆದ್ದು ಪ್ರಾಣ ಕೊಟ್ಟ ಎಂದರು. ಈ ಎರಡು ಮಾತುಗಳ ನಡುವೆ ಒಂದು ನಂಟಿದೆ ಎಂದು ತಿಳಿಯಲು ನನಗೆ ಹತ್ತು ಹನ್ನೆರಡು ವರ್ಷ ಬೇಕಾಯಿತು. ಆ ರಾಜ ಆ ಸಾಹೇಬನನ್ನು ಅಪ್ಪಾ ಎಂದು ಕರೆಯುತ್ತಿದ್ದ.

ಆ ವರ್ಷಗಳಲ್ಲಿ ನಾನು ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದೆ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದೆ. ಉದ್ದೇಶ, ಅರಿವು, ಪ್ರಚೋದನೆ, ನೆನಪು, ಚಿತ್ತಸ್ವಾಸ್ಥ್ಯ ಎಂಬ ಮಾತುಗಳು ಎರಡೂ ಕಡೆ ಬರುತ್ತಿದ್ದವು. ಆದರೆ ಒಂದು ತರಗತಿಯ ಮಾತು ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಚಿತ್ತವಿಕಲನಿಗೆ ರಕ್ಷಣೆ ಕೊಡುತ್ತಿದ್ದ ಐಪಿಸಿಯ 84ನೇ ಕಲಮಿನ ಬೇರು 1843ರ ಮೆಕ್‌ನಾಟನ್ ಪ್ರಕರಣದಲ್ಲಿದೆ. ವುಂಟ್ ಲೀಪ್‌ಜಿಗ್‌ನಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಅಂದರೆ ಆ ಶಾಸ್ತ್ರ ತನ್ನ ಕಾಲ ಮೇಲೆ ನಿಲ್ಲುವ ಮೊದಲೇ ಕಾನೂನು ಮನಸ್ಸಿಗೆ ಅಳತೆಗೋಲು ಮಾಡಿಟ್ಟುಕೊಂಡಿತ್ತು. 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಗೋಲು 22ನೇ ಕಲಮಾಗಿ ಉಳಿದಿದೆ. ಇದನ್ನು ಯಾವ ತರಗತಿಯಲ್ಲೂ ಯಾರೂ ಹೇಳಲಿಲ್ಲ. ಪಿಎಚ್.ಡಿ.ಗೆ ಹೊರಟಾಗ ಹಿರಿಯರೊಬ್ಬರು, ಎರಡು ದೋಣಿಯ ಮೇಲೆ ಕಾಲಿಡಬೇಡ ತಮ್ಮಾ, ಒಂದನ್ನು ಹಿಡಿ ಎಂದರು. ಹಿಡಿಯುತ್ತಿದ್ದೆನೋ ಏನೋ. ಅಷ್ಟರಲ್ಲಿ ಸುರಪುರದ ಈ ಕಥೆ ಕೈಗೆ ಸಿಕ್ಕಿತು.

1842ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಸಂಸ್ಥಾನ ಸಾಲದಲ್ಲಿತ್ತು, ಅರಮನೆಯಲ್ಲಿ ಬಣಗಳಿದ್ದವು, ವಾರಸುದಾರ ವೆಂಕಟಪ್ಪ ಇನ್ನೂ ಬಾಲಕ. ಇಲ್ಲಿನ ವ್ಯವಹಾರ ನೋಡಲು ಬಂದವನು ನಿಜಾಮನ ಸೇನೆಯಲ್ಲಿದ್ದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ರಾಣಿ ಈಶ್ವರಮ್ಮನಿಗೂ ಅವನಿಗೂ ಬಹಳ ಕಾಲ ತಿಕ್ಕಾಟ ನಡೆಯಿತು. ಕೊನೆಗೆ ಆಡಳಿತವೆಲ್ಲ ಅವನ ಕೈಗೇ ಬಂತು. 1853ರಲ್ಲಿ ಹುಡುಗ ಪ್ರಾಯಕ್ಕೆ ಬಂದಾಗ ಅವನಿಗೆ ಸಂಸ್ಥಾನ ಒಪ್ಪಿಸಿ ಟೇಲರ್ ಹೊರಟುಹೋದ. ಐದೇ ವರ್ಷ. 1858ರ ಫೆಬ್ರವರಿಯಲ್ಲಿ ಸುರಪುರದ ಬೇಡರ ಪಡೆ ಇಂಗ್ಲಿಷರ ಮೇಲೆ ಬಿತ್ತು, ಕ್ಯಾಪ್ಟನ್ ನ್ಯೂಬೆರಿ ಸತ್ತ. ಸೋಲು ಕಂಡ ರಾಜ ಬೆರಳೆಣಿಕೆಯ ಸವಾರರೊಂದಿಗೆ ಹೈದರಾಬಾದಿಗೆ ಓಡಿದ, ಅಲ್ಲಿ ಸೆರೆಸಿಕ್ಕ.

ಸೆರೆಯಲ್ಲಿದ್ದ ರಾಜನನ್ನು ಕಾಣಲು ಟೇಲರ್ ಹೋದ. ಹುಡುಗ ಅವನ ಕೊರಳಿಗೆ ಬಿದ್ದು ಅತ್ತ. ಆದರೆ ಟೇಲರ್ ಬರಿಗೈಯಲ್ಲಿ ಬಂದಿರಲಿಲ್ಲ. ರಾಜನನ್ನು ದಂಗೆಗೆ ಎಬ್ಬಿಸಿದವರು ಯಾರೆಂದು ರೆಸಿಡೆಂಟ್ ಡೇವಿಡ್‌ಸನ್‌ಗೆ ತಿಳಿಯಬೇಕಾಗಿತ್ತು. ಟೇಲರ್ ಕೇಳಿದ. ರಾಜ ಹೇಳಲಿಲ್ಲ. ಜೀವ ಬೇಡಿಕೊಳ್ಳುವುದಿಲ್ಲ, ಯಾರ ಹೆಸರೂ ಬಾಯಿಂದ ಬರುವುದಿಲ್ಲ, ಕಳ್ಳನನ್ನು ಗಲ್ಲಿಗೆ ಹಾಕಿದಂತೆ ನನ್ನನ್ನು ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದ. ಸೆರೆಮನೆಯಲ್ಲಿ ಕೊಳೆಯುವುದು ಸಾಮಾನ್ಯ ಬೇಡನಿಗೂ ಆಗದ ಮಾತು, ರಾಜನಾದ ನನ್ನಿಂದ ಹೇಗಾದೀತು ಎಂಬ ಅರ್ಥದ ಮಾತನ್ನೂ ಆಡಿದ. ಇದೆಲ್ಲ ಟೇಲರ್‌ನ ಆತ್ಮಕಥೆಯಲ್ಲಿದೆ. ಸಾವರ್ಕರ್ 1857ರ ಬಗ್ಗೆ 1909ರಲ್ಲಿ ಪುಸ್ತಕ ಪ್ರಕಟಿಸಿದಾಗ ಇದೇ ದೃಶ್ಯವನ್ನು ಎತ್ತಿಕೊಂಡರು. ಇಂಗ್ಲಿಷ್ ಅಧಿಕಾರಿಯ ಸಾಕ್ಷ್ಯವೇ ಇಂಗ್ಲಿಷ್ ಆಳ್ವಿಕೆಯ ವಿರುದ್ಧ ಹೀಗೆ ನಿಂತಿತು.

ಮೊದಲ ಸಲ ಇದನ್ನು ಓದಿದಾಗ ನನ್ನ ಕಣ್ಣೂ ಮಂಜಾಯಿತು. ಎರಡನೇ ಸಲ ಓದಿದ್ದು ವಕೀಲಿ ಓದಿದ ಕಣ್ಣು. ಅಧಿಕಾರದಲ್ಲಿರುವವನು ಆಸೆ ತೋರಿಸಿ, ಹೆದರಿಸಿ ಅಥವಾ ವಚನ ಕೊಟ್ಟು ಪಡೆದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎನ್ನುತ್ತಿತ್ತು 1872ರ ಸಾಕ್ಷ್ಯ ಕಾಯ್ದೆಯ 24ನೇ ಕಲಮು. ಕಾಯ್ದೆ ಬಂದದ್ದು ಈ ಭೇಟಿಯ ಹದಿನಾಲ್ಕು ವರ್ಷದ ಮೇಲೆ, ನಿಜ. ಆದರೂ ಪ್ರಶ್ನೆ ನಿಲ್ಲುತ್ತದೆ: ಸೆರೆಮನೆಗೆ ಬಂದವನು ಅಪ್ಪನೋ, ಅಧಿಕಾರಿಯೋ? ಕಾನೂನು ಆಸೆ, ಬೆದರಿಕೆ, ವಚನಗಳನ್ನು ಎಣಿಸಿ ಹೆಸರಿಟ್ಟಿದೆ. ಎಂಟು ಹತ್ತು ವರ್ಷ ಬೆಳೆಸಿದ ಕೈ ಹೆಗಲ ಮೇಲೆ ಬಿದ್ದರೆ ಅದು ಯಾವ ಖಾನೆಗೆ ಸೇರುತ್ತದೆ? ಇಲ್ಲಿ ಕಾನೂನಿನ ಪುಸ್ತಕ ಮುಗಿಯುತ್ತದೆ, ಮನಃಶಾಸ್ತ್ರದ ಪುಸ್ತಕ ತೆರೆಯಬೇಕಾಗುತ್ತದೆ.

ಟೇಲರ್ ಸಾಮಾನ್ಯ ಪ್ರಶ್ನೆಗಾರನೂ ಅಲ್ಲ. 1839ರಲ್ಲಿ ಅವನ ಠಗ್ಗನ ತಪ್ಪೊಪ್ಪಿಗೆಯ ಕಾದಂಬರಿ ಲಂಡನ್ನಿನಲ್ಲಿ ಹೆಸರು ಮಾಡಿತ್ತು. ಅದರ ಅಮೀರ ಅಲಿ ಮಾಫಿ ಸಾಕ್ಷಿ. ಪ್ರಾಣ ಉಳಿಸಿಕೊಳ್ಳುವ ಬೆಲೆಗೆ ತನ್ನ ಕೊಲೆಗಳನ್ನೆಲ್ಲ ಒಂದೊಂದಾಗಿ, ಒಳ್ಳೆ ರುಚಿಕಟ್ಟಾಗಿ ಹೇಳುತ್ತ ಹೋಗುತ್ತಾನೆ. ಸಾಹೇಬ ಕೇಳುತ್ತ ಕೂರುತ್ತಾನೆ. ಟೇಲರ್ ನಿಜವಾಗಿಯೂ ಠಗ್ಗರ ಹೇಳಿಕೆಗಳನ್ನು ಬರೆದುಕೊಂಡ ಅಧಿಕಾರಿ. ಮನುಷ್ಯನನ್ನು ಮಾತಾಡಿಸುವುದು ಅವನಿಗೆ ಗೊತ್ತಿತ್ತು. ಅಂಥವನ ಮುಂದೆ ಮಾಫಿಯ ಆಸೆ ಇದ್ದೂ ಬಾಯಿ ಬಿಡದವನು ಅವನೇ ಸಾಕಿದ ಹುಡುಗ. ಟೇಲರ್‌ಗೆ ಇದು ಹೊಳೆದಿರಲಾರದು ಎಂದು ನನಗನ್ನಿಸುವುದಿಲ್ಲ.

ಹಾಗೆಂದು ಟೇಲರ್ ಕಪಟಿ ಎನ್ನಲು ನಾನು ಸಿದ್ಧನಿಲ್ಲ. ನಮ್ಮ ಕಡೆ ಕೆಲವರು ಅವನನ್ನು ದೇವರಂತೆ ಹೊಗಳುತ್ತಾರೆ, ಕೆಲವರು ಬಾಯಿ ತುಂಬ ಬೈಯುತ್ತಾರೆ. ಹುಡುಗನ ಮೇಲೆ ಅವನಿಗೆ ಪ್ರೀತಿಯಿತ್ತು. ಆ ಪ್ರೀತಿಯನ್ನು ಸರ್ಕಾರದ ಕೆಲಸಕ್ಕೆ ಬಳಸಿದ. ಎರಡೂ ನಿಜವಾಗಿರಬಹುದು.

ಇನ್ನೊಂದು ತೊಡಕಿದೆ. ಆತ್ಮಕಥೆ ಅಚ್ಚಾದದ್ದು 1877ರಲ್ಲಿ, ಲೇಖಕ ಸತ್ತ ಮರುವರ್ಷ, ಮಗಳ ಸಂಪಾದಕತ್ವದಲ್ಲಿ. ಘಟನೆಗೆ ಆಗಲೇ ಹತ್ತೊಂಬತ್ತು ವರ್ಷ. ನೆನಪು ಪೆಟ್ಟಿಗೆಯಲ್ಲಿಟ್ಟ ಕಾಗದವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಬರೆಯುವ ಕಾಗದ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ತಾಗಿದಾಗ ವೇಗ ಎಷ್ಟಿತ್ತು ಎಂದೂ ಇನ್ನು ಕೆಲವರಿಗೆ ಅಪ್ಪಳಿಸಿದಾಗ ಎಷ್ಟಿತ್ತು ಎಂದೂ ಕೇಳಿದರು. ಒಂದೇ ಪದ ಬದಲಾದದ್ದಕ್ಕೆ ವೇಗದ ಅಂದಾಜು ಏರಿತು. ಅಂಥದೇ ಇನ್ನೊಂದು ಪ್ರಯೋಗದಲ್ಲಿ ವಾರದ ಮೇಲೆ ಕೇಳಿದಾಗ, ಅಪ್ಪಳಿಸಿದ ಎಂಬ ಪದ ಕೇಳಿದವರಲ್ಲಿ ಹೆಚ್ಚು ಜನ ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನೂ ಕಂಡೆವೆಂದರು. ಒಂದು ವಾರಕ್ಕೇ ಹೀಗಾದರೆ ಹತ್ತೊಂಬತ್ತು ವರ್ಷಕ್ಕೆ ಏನಾಗಬೇಕು?

ರಾಜನ ಜಾತಕದ ಕಥೆಯನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲ ಎಂದು ಜೋಯಿಸರು ಹೇಳಿದ್ದರಂತೆ. ಶಿಕ್ಷೆ ಇಳಿದ ಸುದ್ದಿ ಬಂದಾಗ ಭವಿಷ್ಯ ಸುಳ್ಳಾಯಿತೆಂದು ಟೇಲರ್ ಸಮಾಧಾನಪಟ್ಟ. ಆಮೇಲೆ ಸಾವಿನ ಸುದ್ದಿ ಬಂತು. ಸುರಪುರದಲ್ಲಿ ಇದನ್ನು ಹೇಳುವಾಗ ಇವತ್ತಿಗೂ ಕೇಳುವವರು ಸುಮ್ಮನಾಗುತ್ತಾರೆ. ಆದರೆ ಕೊನೆ ಗೊತ್ತಿದ್ದವನು ಬರೆದ ಕಥೆ ಇದು. ಕೊನೆ ಗೊತ್ತಾದ ಮೇಲೆ, ಹೀಗೇ ಆಗುವುದಿತ್ತು ಎಂದು ಹಿಂದಿನದನ್ನೆಲ್ಲ ಜೋಡಿಸಿಕೊಳ್ಳುವ ಗುಣವನ್ನು ಬರೂಖ್ ಫಿಶ್‌ಹಾಫ್ 1975ರಲ್ಲಿ ಪ್ರಯೋಗದಿಂದ ತೋರಿಸಿದರು. ಬೇರೆ ವರ್ಷ ಸತ್ತಿದ್ದರೆ ಆ ಜಾತಕ ಪುಸ್ತಕಕ್ಕೆ ಬರುತ್ತಿತ್ತೇ?

ಸಾವಿನ ವಿಷಯ. ಸೈನಿಕ ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟ್ ಅದನ್ನು ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದ. ಅಲ್ಲಿಗೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿತು, ರಾಜ ಸತ್ತ. ಆತ್ಮಹತ್ಯೆಯೋ, ಆಕಸ್ಮಿಕವೋ? ಕೊಂದರು ಎನ್ನುವವರೂ ನಮ್ಮಲ್ಲಿದ್ದಾರೆ. ಬರೀ ಕಾನೂನಿನ ಲೆಕ್ಕಕ್ಕೆ ಆತ್ಮಹತ್ಯೆ ಕೂಡಿಬರುವುದಿಲ್ಲ. ಗಲ್ಲು ತಪ್ಪಿ ನಾಲ್ಕೇ ವರ್ಷಕ್ಕೆ ಇಳಿದವನು ಯಾಕೆ ಸಾಯಬೇಕು? ಸೆರೆಮನೆಯ ಬಗ್ಗೆ ಅವನು ಆಡಿದ ಮಾತನ್ನು ಪಕ್ಕಕ್ಕಿಟ್ಟು ನೋಡಿ. ನಮಗೆ ದಯೆಯಾಗಿ ಕಂಡ ಇಳಿಕೆ ಅವನಿಗೆ ಶಿಕ್ಷೆಯ ಏರಿಕೆಯಾಗಿರಬಹುದು. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಸಾವಿನ ಕಾರಣ ತೀರ್ಮಾನಿಸುವ ಅಧಿಕಾರಿಗೆ ಇಂಥದೇ ಸಂದೇಹಗಳು ಎದುರಾದಾಗ ಎಡ್ವಿನ್ ಶ್ನೈಡ್‌ಮನ್ ಮತ್ತಿತರ ಮನಃಶಾಸ್ತ್ರಜ್ಞರು ನೆರವಿಗೆ ಹೋದರು. ಸತ್ತವನ ಕೊನೆಯ ದಿನಗಳನ್ನು ಬಲ್ಲವರನ್ನೆಲ್ಲ ಮಾತಾಡಿಸಿ ಅವನ ಮನಸ್ಸನ್ನು ಮತ್ತೆ ಕಟ್ಟಿನೋಡುವ ಕ್ರಮ ಹಾಗೆ ಹುಟ್ಟಿತು. ವೆಂಕಟಪ್ಪ ನಾಯಕನ ವಿಷಯದಲ್ಲಿ ಮಾತಾಡಿಸಲು ನಮಗೆ ಸಿಗುವ ದೊಡ್ಡ ಸಾಕ್ಷಿ ಟೇಲರ್ ಒಬ್ಬನೇ. ಅವನು ಪಕ್ಷಗಾರನೂ ಹೌದು.

ಈ ಎರಡು ಶಾಸ್ತ್ರಗಳ ಜಗಳ ಹಳೆಯದು. ಸಾಕ್ಷಿಕಟ್ಟೆಯ ಮನಃಶಾಸ್ತ್ರದ ಬಗ್ಗೆ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ 1908ರಲ್ಲಿ ಪುಸ್ತಕ ಬರೆದು, ವಕೀಲರು ನಮ್ಮ ಮಾತು ಕೇಳುವುದಿಲ್ಲ ಎಂದು ದೂರಿದ. ಮರುವರ್ಷವೇ ಸಾಕ್ಷ್ಯಶಾಸ್ತ್ರದ ದೊಡ್ಡ ಪಂಡಿತ ವಿಗ್ಮೋರ್, ಕಾಲ್ಪನಿಕ ಮೊಕದ್ದಮೆಯೊಂದನ್ನು ಬರೆದು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಲೇವಡಿ ಮಾಡಿದ. ಎರಡನ್ನೂ ಒಟ್ಟಿಗೆ ಓದಿಸುವ ಜಂಟಿ ಪದವಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು 1974ರಲ್ಲಿ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರ ವಿಭಾಗ ಕಟ್ಟಿಕೊಟ್ಟದ್ದು 1924ರಲ್ಲಿ. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು ಬಂದದ್ದು 1948ರಲ್ಲಿ. ಎರಡೂ ತಮ್ಮ ಪಾಡಿಗೆ ಬೆಳೆದವು.

ಕೊನೆಗೆ ಇವೆರಡೂ ಎದುರುಬದುರಾದದ್ದು ಸುಪ್ರೀಂ ಕೋರ್ಟಿನಲ್ಲಿ, ಅದೂ ಕರ್ನಾಟಕದ ಹೆಸರಿನಲ್ಲೇ. ಮಂಪರು ಔಷಧ ಕೊಟ್ಟು ಬಾಯಿ ಬಿಡಿಸುವುದು, ಸುಳ್ಳು ಪತ್ತೆ ಯಂತ್ರ, ಮೆದುಳಿನ ಅಲೆಗಳ ಪರೀಕ್ಷೆ, ಇವು ಆಗ ಬೆಂಗಳೂರಿನಲ್ಲಿ ಬಹಳ ಸುದ್ದಿಯಲ್ಲಿದ್ದವು. ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಬಂದ ತೀರ್ಪು, ಒಪ್ಪಿಗೆಯಿಲ್ಲದೆ ಯಾರಿಗೂ ಇವನ್ನು ಮಾಡುವಂತಿಲ್ಲ ಎಂದಿತು. ಬಾಯಿ ಮುಚ್ಚಿಕೊಂಡಿರುವ ಹಕ್ಕು ಮನಸ್ಸಿನ ಒಳಗೂ ಸಲ್ಲುತ್ತದೆ. ಆ ತೀರ್ಪು ಓದುವಾಗ ನನ್ನ ಕಣ್ಣ ಮುಂದಿದ್ದವನು ಇಪ್ಪತ್ನಾಲ್ಕರ ಆ ಹುಡುಗ. ಅವನಿಗೆ ಈ ಹಕ್ಕನ್ನು ಯಾರೂ ಕೊಟ್ಟಿರಲಿಲ್ಲ, ತಾನೇ ತೆಗೆದುಕೊಂಡಿದ್ದ.

ಕಳೆದ ವರ್ಷ ಯಾದಗಿರಿಯಲ್ಲಿ ಕೆಲವು ವಿದ್ಯಾರ್ಥಿಗಳ ಮುಂದೆ ಈ ಸೆರೆಮನೆಯ ಪುಟಗಳನ್ನು ಇಟ್ಟೆ. ಟೇಲರ್ ಸಾಕ್ಷಿಕಟ್ಟೆಯಲ್ಲಿದ್ದಾನೆ, ಪಾಟೀಸವಾಲು ಮಾಡಿ ಎಂದೆ. ಹುಡುಗರು ದಂಗೆಯ ಬಗ್ಗೆ, ನ್ಯೂಬೆರಿಯ ಬಗ್ಗೆ, ರಿವಾಲ್ವರಿನ ಬಗ್ಗೆ ಕೇಳಿದರು. ಹುಣಸಗಿ ಕಡೆಯ ಹುಡುಗಿಯೊಬ್ಬಳು ಕೊನೆಗೆ ಎದ್ದು ನಿಂತಳು. ಸಾಹೇಬ್ರ, ಅವತ್ತು ನೀವು ಒಳಗ ಹೋಗೂಮುಂದ, ಹೆಸರು ಕೇಳಾಕ ಬಂದೀನಿ ಅಂತ ಅವಂಗ ಮೊದಲೇ ಹೇಳಿದ್ರೋ, ಅವನು ಅತ್ತು ಮುಗಿಸಿದ ಮ್ಯಾಲ ಹೇಳಿದ್ರೋ?

ನಾನು ಪುಸ್ತಕ ತೆಗೆದು ಆ ಪುಟವನ್ನು ಮತ್ತೊಮ್ಮೆ ಓದತೊಡಗಿದೆ.