ಕೋಟೆಯೊಳಗಿನ ಹನ್ನೆರಡು ಮಂದಿ

1942ರ ಆಗಸ್ಟ್‌ನಲ್ಲಿ ಅಹಮದ್‌ನಗರದ ಕೋಟೆಗೆ ಬಂದಿಳಿದ ಕಾಂಗ್ರೆಸ್ ನಾಯಕರಿಗೆ ಮೊದಲ ಊಟ ಬಡಿಸಿದ್ದು ಕಬ್ಬಿಣದ ತಟ್ಟೆಯಲ್ಲಿ. ತಮಗೆ ಪಿಂಗಾಣಿಯಲ್ಲಿ ಉಂಡು ರೂಢಿ ಎಂದರು ಪಕ್ಷದ ಅಧ್ಯಕ್ಷ ಮೌಲಾನಾ ಅಬುಲ್ ಕಲಾಂ ಆಜಾದ್. ಜೈಲರ್ ಕ್ಷಮೆ ಕೇಳಿ, ಮರುದಿನ ತರಿಸಿಕೊಡುತ್ತೇನೆ ಎಂದ. ಅದೇ ತಿಂಗಳು ದೇಶದ ಉದ್ದಗಲಕ್ಕೂ ಸೆರೆ ಸೇರಿದ ಸಾವಿರಾರು ಸಾಮಾನ್ಯ ಕಾರ್ಯಕರ್ತರು ಪಿಂಗಾಣಿಯ ಮಾತೆತ್ತಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ.

ಹಾಗಾಗಿ ಈ ಹನ್ನೆರಡು ಮಂದಿಯ ಸೆರೆವಾಸದಲ್ಲಿ ಬೀಸುವ ಕಲ್ಲಿಲ್ಲ, ಲಾಠಿ ಏಟಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಅದೇ ಅಂಗಳ, ಅದೇ ಹನ್ನೊಂದು ಮುಖ.

ಆಗಸ್ಟ್ 8ರ ರಾತ್ರಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯ ಅಂಗೀಕಾರವಾಯಿತು. ಬೆಳಗಾಗುವ ಮೊದಲೇ ಪೊಲೀಸರು ಬಾಗಿಲು ತಟ್ಟಿದರು. ವಿಶೇಷ ರೈಲಿನಲ್ಲಿ ಹೊರಟವರ ಪೈಕಿ ಗಾಂಧೀಜಿ ಪುಣೆಯ ಆಗಾಖಾನ್ ಅರಮನೆ ಸೇರಿದರು. ಕಾಂಗ್ರೆಸ್ ಕಾರ್ಯಸಮಿತಿಯವರನ್ನು ಮುಂದೆ ಅಹಮದ್‌ನಗರಕ್ಕೆ ಒಯ್ದರು. ಕೋಟೆ ಹಳೆಯದು. ಅಕ್ಬರನ ಸೇನೆಯನ್ನು ಚಾಂದ್ ಬೀಬಿ ತಡೆದು ನಿಲ್ಲಿಸಿದ್ದು ಇಲ್ಲೇ. 1803ರಲ್ಲಿ ಅದನ್ನು ಹಿಡಿದವನು ಶ್ರೀರಂಗಪಟ್ಟಣದಿಂದ ದಂಡು ಕಟ್ಟಿಕೊಂಡು ಹೋದ ಆರ್ಥರ್ ವೆಲ್ಲೆಸ್ಲಿ.

ಎಲ್ಲರಿಗಿಂತ ಹಿರಿಯರು 66ರ ವಲ್ಲಭಭಾಯಿ ಪಟೇಲ್. ಕಿರಿಯರು ನಲವತ್ತು ದಾಟಿದ ಒಡಿಶಾದ ಹರೇಕೃಷ್ಣ ಮಹತಾಬ್. ನಡುವೆ ನೆಹರೂ, ಗೋವಿಂದ ವಲ್ಲಭ ಪಂತ್, ಕೃಪಲಾನಿ, ಆಚಾರ್ಯ ನರೇಂದ್ರ ದೇವ್, ಪಟ್ಟಾಭಿ ಸೀತಾರಾಮಯ್ಯ, ಅಸಫ್ ಅಲಿ, ಶಂಕರರಾವ್ ದೇವ್, ಪ್ರಫುಲ್ಲಚಂದ್ರ ಘೋಷ್, ಸೈಯದ್ ಮಹಮೂದ್. ಮೊದಲ ಕೆಲವು ವಾರ ಪತ್ರಿಕೆ ಇಲ್ಲ, ಕಾಗದವಿಲ್ಲ. ಆಜಾದರ ರೇಡಿಯೊ ಕೂಡ ಜೈಲಿನ ವಶವಾಗಿತ್ತು. ಇವರು ಎಲ್ಲಿದ್ದಾರೆಂಬುದೇ ಸರ್ಕಾರದ ಗುಟ್ಟು. ಆ ಗುಟ್ಟಿಗೆ ಬಲಿಯಾದವನು ಒಬ್ಬ ಅಡುಗೆಯವ. ಆಜಾದರು ಸೆರೆಯಲ್ಲಿ ಬರೆದ ಪತ್ರಗಳಲ್ಲಿ ಅವನ ಕಥೆ ಬರುತ್ತದೆ: ಸಂಬಳಕ್ಕೆಂದು ಬಂದವನನ್ನು ಸುದ್ದಿ ಹೊರಗೆ ಹೋದೀತೆಂದು ಆಚೆಗೇ ಬಿಡಲಿಲ್ಲ. ಕಂಗಾಲಾದ ಅವನ ಕೈಯಲ್ಲಿ ಅಡುಗೆ ಏನಾಗಬೇಕು!

ಒಟ್ಟಿಗೆ ಬಾಳಲು ಮೊದಲು ನೆರವಾದದ್ದು ನಗೆ. ಚಾಂದ್ ಬೀಬಿಯ ಕಾಲದಲ್ಲಿ ಕೋಟೆ ಕಾಯುತ್ತಿದ್ದ ಹಬಶಿಯೊಬ್ಬನ ಹೆಸರು ಚೀತಾ ಖಾನ್. ಆಜಾದರು ಅದನ್ನು ಜೈಲಿನ ಸೂಪರಿಂಟೆಂಡೆಂಟನಿಗೆ ಅಂಟಿಸಿದರು. ಬೇಗನೆ ಎಲ್ಲರ ಬಾಯಲ್ಲೂ ಅದೇ ಹೆಸರು ಓಡಾಡತೊಡಗಿತು.

ಎರಡನೆಯದು, ಒಬ್ಬೊಬ್ಬರೂ ತಮ್ಮದೊಂದು ಮೂಲೆಯನ್ನು ಮಾಡಿಕೊಂಡದ್ದು. ನೆಹರೂ ಗುದ್ದಲಿ ಹಿಡಿದು ಹೂವಿನ ಪಾತಿ ಅಗೆದರು; ಅಗೆದಲ್ಲಿ ಹಳೆಯ ಗೋಡೆಗಳು, ಒಮ್ಮೆ ಕಲ್ಲಿನಲ್ಲಿ ಕೆತ್ತಿದ ಕಮಲ ಕೂಡ ಸಿಕ್ಕಿತು. ಆಜಾದರು ನಸುಕಿಗೂ ಮೊದಲೇ ಎದ್ದು ತಾವೇ ಚೀನಾ ಚಹಾ ಕಾಯಿಸಿಕೊಳ್ಳುತ್ತಿದ್ದರು. ಹಾಲು ಬೆರೆಸಿದ್ದನ್ನು ಚಹಾ ಎಂದು ಒಪ್ಪಲು ಅವರು ಸಿದ್ಧರಿರಲಿಲ್ಲ. ಹಾಲು ಹಾಕಿ ಕುಡಿಯುವ ಜತೆಗಾರರನ್ನು ಪತ್ರಗಳಲ್ಲಿ ಚೆನ್ನಾಗಿಯೇ ಗೇಲಿ ಮಾಡಿದ್ದಾರೆ. ಅವರ ಕೋಣೆಯ ಸೂರಿನಲ್ಲಿ ಗೂಡು ಕಟ್ಟಿದ ಗುಬ್ಬಿಗಳ ಮೇಲೆ ಮೊದಲು ಯುದ್ಧ, ಆಮೇಲೆ ಅಕ್ಕಿಕಾಳು ಹಾಕಿ ರಾಜಿ, ಕೊನೆಗೆ ಮೋತಿ, ಮುಲ್ಲಾ, ಕಲಂದರ್ ಎಂಬ ನಾಮಕರಣ. ಮನುಷ್ಯರ ಜತೆ ಅಷ್ಟು ಸಲೀಸಾಗಿ ಬೆರೆಯದ ಮೌಲಾನಾ ಹಕ್ಕಿಗಳ ಜತೆ ಬೆರೆತರು ಎನ್ನಬೇಕು.

ನಿಜವಾದ ಕೊಡುಕೊಳ್ಳುವಿಕೆ ನಡೆದದ್ದು ಪುಸ್ತಕದ ಸುತ್ತ. ನೆಹರೂ 1944ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ‘ಡಿಸ್ಕವರಿ ಆಫ್ ಇಂಡಿಯಾ’ ಬರೆದಾಗ ಪಕ್ಕದ ಕೋಣೆಗಳೇ ಗ್ರಂಥಾಲಯ. ಆಜಾದ್, ಪಂತ್, ನರೇಂದ್ರ ದೇವ್ ಮತ್ತು ಅಸಫ್ ಅಲಿಯವರನ್ನು ಮುನ್ನುಡಿಯಲ್ಲಿ ಹೆಸರಿಸಿಯೇ ನೆನೆದಿದ್ದಾರೆ. ಅಲ್ಲಿ ಕೇಳಿಬರುತ್ತಿದ್ದ ಭಾಷೆಗಳ ಪಟ್ಟಿಯೂ ಅದರಲ್ಲಿದೆ: ಹಿಂದಿ, ಉರ್ದು, ಬಂಗಾಳಿ, ಗುಜರಾತಿ, ಮರಾಠಿ, ತೆಲುಗು, ಸಿಂಧಿ, ಒಡಿಯಾ. ಕನ್ನಡದ ಹೆಸರು ಅಲ್ಲಿಲ್ಲ.

ಇಷ್ಟನ್ನೇ ಹೇಳಿ ಕೋಟೆಯನ್ನು ವಿದ್ಯಾಪೀಠ ಎಂದು ಕೊಂಡಾಡುವುದು ರೂಢಿ. ಆದರೆ ಆಗಸ್ಟ್ ನಿರ್ಣಯ ಸರಿಯಾಗಿತ್ತೇ ಎಂಬ ಪ್ರಶ್ನೆ ಒಳಗೂ ಅವರನ್ನು ಬಿಡಲಿಲ್ಲ. ಪಟೇಲರಿಗೆ ಅದರ ಬಗ್ಗೆ ಅನುಮಾನವೇ ಇರಲಿಲ್ಲ. ಆಜಾದರಿಗೆ ಮೊದಲಿನಿಂದಲೂ ಇತ್ತು. ನೆಹರೂ ಅವರ ಜೈಲಿನ ದಿನಚರಿಯಲ್ಲಿ ಸಹಕೈದಿಗಳ ಮೇಲಿನ ಮುನಿಸು, ಬೇಸರ ಎರಡೂ ಇವೆ. ಹತ್ತು ವರ್ಷ ಹಿಂದೆ, 1932ರಲ್ಲಿ, ಯೆರವಡಾದಲ್ಲಿ ಗಾಂಧೀಜಿಯ ಜತೆಗಿದ್ದಾಗ ಇದೇ ಪಟೇಲರು ರದ್ದಿ ಕಾಗದದಿಂದ ಲಕೋಟೆ ಮಾಡುತ್ತ, ಸಂಸ್ಕೃತ ಕಲಿಯುತ್ತ, ಚಟಾಕಿ ಹಾರಿಸುತ್ತ ಕಾಲ ಕಳೆದಿದ್ದರು. ಅಲ್ಲಿ ಎಲ್ಲರೂ ತಲೆಬಾಗುವ ಒಬ್ಬ ಹಿರಿಯನಿದ್ದ. ಇಲ್ಲಿ ಇದ್ದವರೆಲ್ಲ ಮುಂದಾಳುಗಳೇ.

1943ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಲ್ಲಿ ಆಜಾದರ ಪತ್ನಿ ಜುಲೈಖಾ ಬೇಗಂ ಕಡೆಯ ದಿನ ಎಣಿಸುತ್ತಿದ್ದರು. ಅರ್ಜಿ ಕೊಟ್ಟರೆ ಮುಂದೆ ಕಳಿಸುವೆ ಎಂದ ಚೀತಾ ಖಾನ್. ಆಜಾದರು ಒಪ್ಪಲಿಲ್ಲ. ಆತ ನೆಹರೂ ಬಳಿ ಹೇಳಿಕೊಂಡ. ನೆಹರೂ ಬಂದು ಬಹಳ ಹೊತ್ತು ಮಾತಾಡಿದರು. ಉತ್ತರ ಬದಲಾಗಲಿಲ್ಲ. ಪತ್ನಿಯ ಸಾವಿನ ಸುದ್ದಿ ಸೆರೆಯಲ್ಲಿದ್ದಾಗಲೇ ಬಂತು. ಬ್ರಿಟಿಷರನ್ನು ಏನೂ ಬೇಡಬಾರದು ಎಂಬುದು ಹನ್ನೆರಡು ಮಂದಿಯ ನಡುವೆ ಬರೆಯದೇ ಇದ್ದ ಕಟ್ಟಳೆ.

ಅದನ್ನು ಮೀರಿದವರು ಸೈಯದ್ ಮಹಮೂದ್. ಆಗಸ್ಟ್ ನಿರ್ಣಯದಿಂದ ದೂರ ಸರಿದು, ಜತೆಗಾರರಿಗೆ ತಿಳಿಸದೆ ಅವರು ವೈಸರಾಯ್‌ಗೆ ಪತ್ರ ಬರೆದರು. 1944ರ ಅಕ್ಟೋಬರ್‌ನಲ್ಲಿ ಅವರ ಬಿಡುಗಡೆಯಾದಾಗ ಒಳಗಿದ್ದವರಿಗೆ ಕಾರಣವೇ ತಿಳಿಯಲಿಲ್ಲ. ಪತ್ರವನ್ನು ಸರ್ಕಾರ ಬಯಲು ಮಾಡಿದಾಗ ಮಹಮೂದರ ಮುಖ ಸಣ್ಣದಾಯಿತು, ಒಳಗಿದ್ದವರ ಮನಸ್ಸೂ ಮುರಿಯಿತು. ಹಳೆಯ ಗೆಳೆಯ ನೆಹರೂಗಂತೂ ಇದು ನುಂಗಲಾಗದ ತುತ್ತು.

ಉಳಿದವರನ್ನು 1945ರ ಮಾರ್ಚ್ 28ರಿಂದ ಬೇರೆಬೇರೆ ಪ್ರಾಂತಗಳ ಜೈಲುಗಳಿಗೆ ಕಳಿಸಲಾಯಿತು, ಜೂನ್‌ನಲ್ಲಿ ಬಿಡುಗಡೆಯಾಯಿತು. ಆ ಡಿಸೆಂಬರ್‌ನಲ್ಲಿ ಮುನ್ನುಡಿ ಬರೆಯುವಾಗ ನೆಹರೂ ಕೋಟೆಯ ಸಂಗಾತಿಗಳನ್ನು ಹನ್ನೊಂದೆಂದೇ ಎಣಿಸಿದರು, ಮಹಮೂದರನ್ನು ಬಿಡಲಿಲ್ಲ. 1954ರಲ್ಲಿ ಅವರನ್ನು ತಮ್ಮ ಕೈಯಲ್ಲೇ ಇದ್ದ ವಿದೇಶಾಂಗ ಖಾತೆಗೆ ರಾಜ್ಯ ಸಚಿವರನ್ನಾಗಿಯೂ ತೆಗೆದುಕೊಂಡರು.